ಹಾವಸೆಗೆ ಮಾತ್ರ ನನ್ನ ಹೆಸರು

ಹಾಸ್ಟೆಲ್, ಬಾಗಲಕೋಟೆ
8 ಸೆಪ್ಟೆಂಬರ್ 2024, ರವಿವಾರ

ಪ್ರೀತಿಯ ಭಾಗ್ಯಾ,

ಬೈಯುವುದಿದ್ದರೆ ಈಗಲೇ ಬೈದು ಮುಗಿಸು. ಕಾಲೇಜಿಗೆ ಬಂದು ಇಷ್ಟು ದಿನವಾದರೂ ನಿನಗೊಂದು ಕಾಗದ ಬರೆದಿಲ್ಲ. ಹುನಗುಂದದ ನಮ್ಮ ಸಾಲಿ ಹಾಸ್ಟೆಲಿನಲ್ಲಿ ಪ್ರತಿ ರವಿವಾರ ಮೇಡಂ ಎಲ್ಲರನ್ನೂ ಸಾಲಾಗಿ ಕೂರಿಸಿ ಮನೆಗೆ ಕಾಗದ ಬರೆಸುತ್ತಿದ್ದರಲ್ಲ, ಆಗ ನಾನು ನಿನ್ನದನ್ನು ನೋಡಿಕೊಂಡು ಬರೆಯುತ್ತಿದ್ದೆ. ಈಗ ನೋಡಿ ಬರೆಯಲು ನೀನು ಪಕ್ಕದಲ್ಲಿಲ್ಲ. ಇಲ್ಲಿ ವಾರ್ಡನ್ ಸೋಮವಾರ ಫೋನುಗಳನ್ನೆಲ್ಲ ಕಪಾಟಿಗೆ ಹಾಕಿದರೆ ಶನಿವಾರ ಸಂಜೆಯೇ ತೆಗೆಯುವುದು. ಆಗ ನಿನಗೆ ಮಾಡಿದರೆ ಎತ್ತುವವನು ನಿಮ್ಮಣ್ಣ ಯುವರಾಜ. "ಯಾರ್ರಿ? ಏನ್ ಕೆಲಸಿತ್ರಿ?" ಎಂದು ಪೊಲೀಸರ ಹಾಗೆ ಕೇಳುತ್ತಾನೆ. ಅದಕ್ಕೇ ಕಾಗದ.

ಇಲ್ಲಿ ಎಲ್ಲ ಇಂಗ್ಲಿಷು. ಬಾಟನಿಗೆ ನಾಗಲಿಂಗ ಸರ್ ಬರುತ್ತಾರೆ. ಒಳ್ಳೆಯವರು, ಆದರೆ ಬಾಗಲಕೋಟೆ ಬಸ್ಸಿನ ಹಾಗೆ ನಾವು ಹತ್ತುವಷ್ಟರಲ್ಲಿ ಹೊರಟುಬಿಡುತ್ತಾರೆ. ಪಾಠ ನನಗೆ ಅರ್ಧ ತಿಳಿಯುತ್ತದೆ. ತಿಳಿದ ಅರ್ಧ ಬಾಯಿಗೆ ಬರುವಷ್ಟರಲ್ಲಿ ಪಿರಿಯಡ್ ಮುಗಿದಿರುತ್ತದೆ. ಮೊದಲ ದಿನ ಅವರು ನನ್ನ ಹೆಸರು ಕೇಳಿದರು. ನಾನು ಎದ್ದು ನಿಂತು "ಯಸ್ ಸರ್" ಅಂದೆ. ಕ್ಲಾಸಿಗೆ ಕ್ಲಾಸೇ ನಕ್ಕಿತು. ರೂಮಿನಲ್ಲಿ ಜೊತೆಗಿರುವ ಸುಗರಾ ಇನ್ನೂ ಬಿಟ್ಟಿಲ್ಲ. "ಹೆಸರ ಕೇಳಿದ್ರ ಯಸ್ ಅಂತೀ. ನಾಳೆ ನೋಡಾಕ ಬಂದ ವರಾ ಹೆಸರ ಕೇಳಿದ್ರ ಅಲ್ಲೇ ಲಗ್ನಾ ಮುಗೀತ ನೋಡ" ಅನ್ನುತ್ತಾಳೆ.

ಈಗ ಕೆಲಸದ ಮಾತು. ನಾವು ಹರ್ಬೇರಿಯಂ ಕೊಡಬೇಕು. ಅಂದರೆ ಗಿಡಗಳನ್ನು ಪೇಪರಿನ ನಡುವೆ ಒತ್ತಿ ಒಣಗಿಸಿ ದಪ್ಪ ಹಾಳೆಗೆ ಅಂಟಿಸುವುದು. ಬಲಗಡೆ ಕೆಳಗೆ ಒಂದು ಚೀಟಿ: ಸ್ಥಳೀಯ ಹೆಸರು, ಸಿಕ್ಕ ಜಾಗ, ಲಭ್ಯತೆ, ಉಪಯೋಗ, ಸಂಗ್ರಹಿಸಿದವರು. ನಿಮ್ಮ ಮನೆಯ ಹಿಂದೆಯೇ ಗುಡ್ಡ ಇದೆ. ನನಗೆ ಇಲ್ಲಿ ಸಿಗುವುದು ಹಾಸ್ಟೆಲ್ ಕಾಂಪೌಂಡಿನ ಹುಲ್ಲು ಮಾತ್ರ. ಕಳಿಸುತ್ತೀಯಾ? ಸಂಗ್ರಹಿಸಿದವರು ಎನ್ನುವಲ್ಲಿ ನನ್ನ ಹೆಸರು ಹಾಕಿಕೊಳ್ಳಲೇ? ಇಲ್ಲಿ ಎಲ್ಲರೂ ಹಾಗೇ ಮಾಡುತ್ತಾರಂತೆ.

ನಿಮ್ಮ ಅಪ್ಪನ ಕಾಲು ಹೇಗಿದೆ? ಪಿಯುಸಿಯಲ್ಲಿ ನನಗಿಂತ ಮುಂದಿದ್ದವಳು ನೀನು. ಟ್ರ್ಯಾಕ್ಟರಿನಿಂದ ಕಾಕಾ ಬೀಳದಿದ್ದರೆ ಈ ಬೆಂಚಿನಲ್ಲಿ ನೀನೂ ಇರುತ್ತಿದ್ದೆ. ಹೆಸರು ಕೇಳಿದಾಗ ಹೆಸರನ್ನೇ ಹೇಳುತ್ತಿದ್ದೆ.

ನಿನ್ನ
ಮಹೇಶ್ವರಿ


ಮಹಾಕೂಟದ ಹತ್ತಿರ, ಬಾದಾಮಿ ತಾಲೂಕು
17 ಸೆಪ್ಟೆಂಬರ್ 2024

ಯಸ್ ಸರ್ ಮಹೇಶಿಗೆ,

ಈ ಹೆಸರು ಇನ್ನು ನಿನ್ನನ್ನು ಬಿಡುವುದಿಲ್ಲ.

ಕಾಗದದ ಜೊತೆ ಒಂದು ಗಂಟೂ ಬಂದಿರಬೇಕು. ಅದರಲ್ಲಿ ಉತ್ತರಾಣಿ, ತುಂಬೆ, ಎಕ್ಕೆ, ತಂಗಡಿ ಇವೆ. ನಮ್ಮ ಮನೆಯ ಜ್ವಾಳದ ಚೀಲದ ಕೆಳಗೆ ಒತ್ತಿಟ್ಟಿದ್ದೆ. ಅವ್ವ ನೋಡಿ, "ಗಿಡಾ ಒಣಗಿಸಿ ಪ್ಯಾಪರದಾಗ ಇಟ್ರ ಡಿಗ್ರಿ ಕೊಡ್ತಾರೇನವಾ? ಹಂಗಿದ್ರ ನಮ್ಮ ಹಿತ್ತಲದಾಗ ಎಲ್ಲಾರೂ ಡಿಗ್ರಿ ಆದವರ ಅದಾರ" ಅಂದಳು.

ತಂಗಡಿಯ ಹಳದಿ ಹೂವು ಒಣಗಿದ ಮೇಲೂ ಬಣ್ಣ ಬಿಟ್ಟಿಲ್ಲ ನೋಡು. ಗುಡ್ಡದ ತುಂಬ ಅದೇ. ಆಡು ಬಾಯಿ ಹಚ್ಚುವುದಿಲ್ಲ, ಅದಕ್ಕೇ ಉಳಿದಿದೆ. ಅಪ್ಪನ ಅಪ್ಪ ಇದರ ತೊಗಟೆಯನ್ನು ನೀರಿನಲ್ಲಿ ನೆನೆಹಾಕಿ ತೊಗಲು ಹದ ಮಾಡುತ್ತಿದ್ದನಂತೆ. ಈಗ ಆ ಕೆಲಸ ಇಲ್ಲ. ಅವ್ವ ಕಡ್ಡಿಗಳನ್ನು ಕೂಡಿಸಿ ಅಂಗಳ ಗುಡಿಸುವ ಕಸಬರಿಗೆ ಕಟ್ಟುತ್ತಾಳೆ. ಉಪಯೋಗ ಎನ್ನುವಲ್ಲಿ ಏನು ಬರೆಯುತ್ತೀಯೋ ನಿನಗೆ ಬಿಟ್ಟದ್ದು.

ಸಣ್ಣ ಪೊಟ್ಟಣವನ್ನು ಕಡೆಗೆ ಬಿಚ್ಚು. ಅದರಲ್ಲಿ ಹಾವಸೆ ಇದೆ, ನಿಮ್ಮ ಪುಸ್ತಕದ ಪಾಚಿ. ಕೇರಿಯ ಹಿಂದೆ, ದುರಗವ್ವನ ಗುಡಿಯ ಮೇಲುಗಡೆ ಬಂಡೆಯ ಒಂದು ಸಂದಿನಲ್ಲಿ ನೀರು ಜಿನುಗುತ್ತದೆ. ಸೆಲೆಯ ಗೋಡೆ ಅನ್ನುತ್ತೇವೆ. ಕುಡಿಯಲು, ದೇವಿಗೆ, ಎರಡಕ್ಕೂ ಅದೇ ನೀರು. ಅಲ್ಲಿ ಬೇರೆ ಹಾವಸೆಯೂ ಇದೆ. ಇದು ಹಾಗಿಲ್ಲ. ಅಂಗೈಯಷ್ಟೇ ಜಾಗದಲ್ಲಿ, ಬೆಕ್ಕಿನ ಮೈಯ ಹಾಗೆ ಮೆತ್ತಗೆ, ತುದಿಯಲ್ಲಿ ಬಂಗಾರದ ಹೊಳಪು. ಎರಡು ದಿನ ನೀರು ಜಿನುಗುವುದು ನಿಂತರೆ ಕಪ್ಪಗೆ ಮುದುಡಿ ಸತ್ತ ಹಾಗೆ ಕೂರುತ್ತದೆ. ನಾಲ್ಕು ಹನಿ ಚಿಮುಕಿಸಿದರೆ ಕಣ್ಣೆದುರಿಗೇ ಅರಳುತ್ತದೆ. ಅಪ್ಪನ ಕಾಲಿಗೆ ಕಾಸುವ ನೀರು ತರಲು ಹೋದಾಗಲೆಲ್ಲ ನಾನು ಈ ಆಟ ಆಡುತ್ತೇನೆ. ಒಂದು ಚಿಟಿಕೆ ಕೀಳಲು ಹೋಗಿ ಜಾರಿ ಬಿದ್ದು ಮೊಳಕಾಲು ಕೆತ್ತಿಹೋಯಿತು.

ಆದ್ದರಿಂದ ಒಂದು ಕರಾರು. ಉತ್ತರಾಣಿಗೆ, ತುಂಬೆಗೆ, ತಂಗಡಿಗೆ ನಿನ್ನ ಹೆಸರು ಹಾಕಿಕೋ, ನನ್ನದೇನೂ ತಕರಾರಿಲ್ಲ. ಹಾವಸೆಗೆ ಮಾತ್ರ ನನ್ನ ಹೆಸರು. ಕಾಲೇಜಿನ ಒಂದು ಹಾಳೆಯ ಮೇಲಾದರೂ ನಾನು ಇರುತ್ತೇನೆ. ಮುಂದಿನ ವರ್ಷ ಬಂದು ಆ ಹಾಳೆ ಎಲ್ಲಿದೆ ಎಂದು ಕೇಳುತ್ತೇನೆ.

ನಿನ್ನ
ಭಾಗ್ಯಜ್ಯೋತಿ


ಬಾಗಲಕೋಟೆ
6 ಅಕ್ಟೋಬರ್ 2024, ರವಿವಾರ

ಭಾಗ್ಯಾ, ಭಾಗ್ಯಾ, ಭಾಗ್ಯಾ,

ಕೂತುಕೊಂಡು ಓದು. ಹಾವಸೆ ಗೆದ್ದಿತು!

ಹಾಳೆಗಳನ್ನು ತೋರಿಸುವ ದಿನ ನಾಗಲಿಂಗ ಸರ್ ಎಲ್ಲರದನ್ನೂ ಸರಸರ ತಿರುವಿ ಹಾಕುತ್ತಿದ್ದರು. ನನ್ನ ತಂಗಡಿಗೆ "ಹೂಂ" ಅಂದರು. ಹಾವಸೆಗೆ ನಿಂತರು. ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. ಒಂದು ಎಲೆಯನ್ನು ನೀರಿನಲ್ಲಿ ನೆನೆಸಿ ಮೈಕ್ರೋಸ್ಕೋಪಿನ ಕೆಳಗಿಟ್ಟು ಇಡೀ ಪಿರಿಯಡ್ ಅದರಲ್ಲೇ ಕಣ್ಣಿಟ್ಟು ಕೂತರು. ಆಮೇಲೆ ಒಂದು ಉದ್ದನೆಯ ಹೆಸರು ಹೇಳಿದರು. ಘಟ್ಟದ ಕಡೆಯೇ ಬಲು ಅಪರೂಪವಂತೆ, ಈ ಒಣ ನಾಡಿನಲ್ಲಿ ಯಾರೂ ಕಂಡಿಲ್ಲವಂತೆ.

"ಹೂ ಕಲೆಕ್ಟೆಡ್ ದಿಸ್?" ಎಂದು ಕೇಳಿದರು. ಎಲ್ಲರೂ ನನ್ನ ಕಡೆ ತಿರುಗಿದರು. ಕಿವಿ ಬಿಸಿಯಾಯಿತು. ಆದರೂ ಎದ್ದು ನಿಂತು ಹೇಳಿದೆ. ಇಂಗ್ಲಿಷಿನಲ್ಲೇ ಹೇಳಿದೆ ಭಾಗ್ಯಾ, ತಡವರಿಸದೆ. ಈ ಸಲ ಯಾರೂ ನಗಲಿಲ್ಲ.

ಅವತ್ತಿನಿಂದ ಮುಂದಿನ ಬೆಂಚಿನ ಹುಡುಗಿಯರು ನನ್ನ ಜೊತೆ ಡಬ್ಬಿ ಹಂಚಿಕೊಳ್ಳುತ್ತಾರೆ. ಸುಗರಾ ಮಾತ್ರ, "ಹಾವಸಿ ಮ್ಯಾಲೆ ನಡಿಯಾಕತ್ತೀಯವಾ, ಜ್ವಾಕಿ, ಜಾರ್ತೈತಿ" ಅನ್ನುತ್ತಾಳೆ. ಅವಳಿಗೆ ಹೊಟ್ಟೆಯುರಿ.

ಸರ್ ನನಗೆ ಸೆಮಿನಾರ್ ಕೊಟ್ಟಿದ್ದಾರೆ. ಅಪರೂಪದ ಈ ಹಾವಸೆಯನ್ನೂ ಎಲ್ಲೆಡೆ ಸಿಗುವ ತಂಗಡಿಯನ್ನೂ ಹೋಲಿಸಬೇಕು. ನನಗೆ ರಾತ್ರಿಯೆಲ್ಲ ಅದೇ ಚಿಂತೆ. ತಂಗಡಿಯ ಬಗ್ಗೆ ನಿನಗೆ ಗೊತ್ತಿರುವುದೆಲ್ಲ ಬರೆದು ಕಳಿಸು. ಬೇಗ.

ನಿನ್ನ
ಮಹೇಶಿ


ಮಹಾಕೂಟದ ಹತ್ತಿರ
14 ಅಕ್ಟೋಬರ್ 2024

ನನ್ನ ಬಂಗಾರದ ಮಹೇಶಿ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೆಂದು ಕೇಳಬೇಡ. ಮಡಿಕೆಯ ಕಡೆ ಹರಿಯತೊಡಗಿದೆ.

ಸರ್ ಕೇಳಿದಾಗ ನೀನು ನನ್ನ ಹೆಸರು ಹೇಳಿದೆಯಲ್ಲ, ಆಗ ಅವರು ಏನಂದರು? ಬರೀ ಭಾಗ್ಯಜ್ಯೋತಿ ಅಂದೆಯೋ, ಅಪ್ಪನ ಹೆಸರನ್ನೂ ಸೇರಿಸಿ ಹೇಳಿದೆಯೋ? ಯಾವ ಊರು ಎಂದು ಕೇಳಿದರಾ? ಮುಂದಿನ ವರ್ಷ ಬರುವವಳು ಎಂದು ಹೇಳಿದೆಯಾ? ಅದೆಲ್ಲ ಬಿಟ್ಟು ಡಬ್ಬಿಯ ಕಥೆ ಬರೆದಿದ್ದೀಯಲ್ಲೇ!

ಅಪ್ಪ ಈಗ ಕೋಲು ಹಿಡಿದು ಗುಡಿಯ ತನಕ ಹೋಗಿ ಬರುತ್ತಾನೆ. ಮೊನ್ನೆ ನಾನೇ ಮಾತು ತೆಗೆದೆ. ಬಾಗಲಕೋಟೆಯ ಸರ್‌ಗೆ ನನ್ನ ಹೆಸರು ಗೊತ್ತಾಗಿದೆ ಅಂದೆ. ಅಪ್ಪ, "ಹೆಸರ ಗೊತ್ತಾತಂದ್ರ ಅರ್ಧಾ ಕೆಲಸ ಆದಂಗ. ಜೂನದಾಗ ನಾನ ಬಂದು ಕೈ ಮುಗದು ಕೇಳ್ತೇನಿ" ಅಂದ. ಯುವರಾಜಣ್ಣ ಕೂಡ ಕಿಸಕ್ಕನೆ ನಗಲಿಲ್ಲ. ಜೂನಿನಲ್ಲಿ ಸೀಟು ಕೊಡುವಾಗ ಆ ಸರ್ ಒಂದು ಮಾತು ಹೇಳಿದರೆ ಸಾಕು, ಮಹೇಶಿ. ನನಗೆ ಬೇರೆ ಯಾರ ಪರಿಚಯವೂ ಇಲ್ಲ.

ಹಾವಸೆಯ ಸುದ್ದಿಯನ್ನು ಅವ್ವನಿಗೆ ಹೇಳಿಲ್ಲ. ಹಾವಸೆಗೆ ಇಷ್ಟು ಬೆಲೆ ಎಂದರೆ ನನಗೇ ಗಾಳಿ ಸೋಕಿದೆ ಎಂದು ಮಹಾಕೂಟದ ಹೊಂಡದಲ್ಲಿ ಮುಳುಗಿಸಿ ತೆಗೆಯುತ್ತಾಳೆ. ಏನೋ ಗಿಡ ಸಿಕ್ಕಿದೆ ಎಂದಷ್ಟೇ ಹೇಳಿದ್ದೇನೆ. ದಿನಾ ಹೋಗಿ ನೋಡಿ ಬರುತ್ತೇನೆ. ನಗಬೇಡ, ಈ ವರ್ಷ ನಾನೂ ಹಾಗೇ ಮುದುಡಿ ಕೂತಿದ್ದೇನೆ ಅನ್ನಿಸುತ್ತದೆ. ನೀರು ಬಿದ್ದರೆ ನೋಡು.

ತಂಗಡಿಯ ಬಗ್ಗೆ: ದೀಪಾವಳಿಯ ಪಾಡ್ಯದ ದಿನ ನಾವು ಸಗಣಿಯ ಪಾಂಡವರನ್ನು ಮಾಡಿ ಹೊಸ್ತಿಲಿಗೆ ಕೂರಿಸುತ್ತೇವಲ್ಲ, ಅವರ ತಲೆಗೆ ಸಿಗಿಸುವುದು ಇದೇ ಹಳದಿ ಹೂ. ಇಳಕಲ್ಲಿನಲ್ಲಿ ನಿಮ್ಮ ಅವ್ವ ಚೆಂಡು ಹೂವು ಸಿಗಿಸುತ್ತಾರೆ ಅಂದಿದ್ದೆ. ನಮಗೆ ತಂಗಡಿಯೇ. ಬೇರು ಕಲ್ಲಿನೊಳಗೆ ಎಲ್ಲಿಗೆ ಹೋಗಿರುತ್ತದೋ ದೇವರಿಗೇ ಗೊತ್ತು. ಎಷ್ಟು ಕಡಿದರೂ ಮತ್ತೆ ಚಿಗುರುತ್ತದೆ. ಸೆಮಿನಾರಿನಲ್ಲಿ ಅದನ್ನು ತೀರ ಬಡವಾಗಿಸಬೇಡ.

ಸರ್ ಏನಂದರು? ಅದನ್ನು ಮೊದಲು ಬರೆ.

ನಿನ್ನ
ಭಾಗ್ಯಾ


ಬಾಗಲಕೋಟೆ
10 ನವೆಂಬರ್ 2024, ರವಿವಾರ

ಪ್ರೀತಿಯ ಭಾಗ್ಯಾ,

ತಡವಾಯಿತು. ಹಬ್ಬಕ್ಕೆ ಇಳಕಲ್ಲಿಗೆ ಹೋಗಿದ್ದೆ, ಆಮೇಲೆ ಸೆಮಿನಾರಿನ ಓಟ.

ಸೆಮಿನಾರ್ ಚೆನ್ನಾಗಿ ಆಯಿತು. ಅವ್ವನ ಇಳಕಲ್ ಸೀರೆ ಉಟ್ಟಿದ್ದೆ. ನೀನು ಬರೆದದ್ದನ್ನೆಲ್ಲ ಇಂಗ್ಲಿಷಿಗೆ ಮಾಡಿಕೊಂಡು ಬಾಯಿಪಾಠ ಮಾಡಿದ್ದೆ. ಹಾವಸೆಗೆ ಬೇರಿಲ್ಲ, ಹೂವಿಲ್ಲ, ಬೀಜವಿಲ್ಲ, ಇಡೀ ಮೈಯಿಂದ ನೀರು ಕುಡಿಯುತ್ತದೆ, ಜಾಗ ಕೆಟ್ಟರೆ ಮತ್ತೆ ಹುಟ್ಟುವುದಿಲ್ಲ. ತಂಗಡಿ ಅವರೆಯ ಕುಲದ್ದು, ಕಾಯಿ ಬಿಡುತ್ತದೆ, ಬೀಜ ಚೆಲ್ಲುತ್ತದೆ, ಯಾರೂ ಕಾಯದಿದ್ದರೂ ಇರುತ್ತದೆ. ಕಡೆಗೆ ಹೀಗೆ ಹೇಳಿದೆ: ಅಪರೂಪದ್ದನ್ನು ನಾವು ಕಾಪಾಡಬೇಕು, ಸಾಮಾನ್ಯದ್ದು ತನ್ನನ್ನು ತಾನೇ ನೋಡಿಕೊಳ್ಳುತ್ತದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಸರ್ ಫೋಟೋ ತೆಗೆಸಿದರು.

ಈಗ ದೊಡ್ಡ ಸುದ್ದಿ. ನವೆಂಬರ್ 24, ರವಿವಾರ ಸರ್ ಸೆಲೆಯ ಗೋಡೆ ನೋಡಲು ಬರುತ್ತಿದ್ದಾರೆ. ಯೂನಿವರ್ಸಿಟಿಯಿಂದ ಇಬ್ಬರು ದೊಡ್ಡ ತಜ್ಞರೂ ಜೊತೆಗಿರುತ್ತಾರೆ. ನಾನೂ ಬರುತ್ತೇನೆ. ಏನಾದರೂ ಹೆಚ್ಚುಕಡಿಮೆ ಆದರೆ ನನ್ನ ಮರ್ಯಾದೆ ಹೋಗುತ್ತದೆ.

ಒಂದೆರಡು ಮಾತು. ತಪ್ಪು ತಿಳಿಯಬೇಡ. ಯಾಕೆ ಬರುತ್ತಿದ್ದಾರೆಂದು ಊರಲ್ಲಿ ಯಾರಿಗೂ ಹೇಳಬೇಡ, ಬೇರೆ ಯಾರಾದರೂ ಮೊದಲೇ ಬಂದು ತೆಗೆದುಕೊಂಡು ಹೋದರೆ ಕಷ್ಟ. ಕಾಲೇಜಿನ ಸಾಹೇಬರು ಸೆಲೆ ನೋಡಲು ಬರುತ್ತಾರೆ ಎಂದಷ್ಟೇ ಹೇಳು. ಮತ್ತೆ, ಅಲ್ಲಿ ಸ್ವಲ್ಪ ಕ್ಲೀನ್ ಇರಲಿ. ಅವರು ದೊಡ್ಡ ಜನ, ಕೇರಿಯೊಳಗಿಂದ ದಾಟಿ ಬರಬೇಕು. ಸ್ವಚ್ಛ ಇಲ್ಲದಿದ್ದರೆ ಏನಾದರೂ ಅಂದುಕೊಳ್ಳುತ್ತಾರೆ. ಅವರು ಮಾತಾಡುವುದೆಲ್ಲ ಇಂಗ್ಲಿಷ್. ಏನಾದರೂ ಕೇಳಿದರೆ ನಾನೇ ಹೇಳುತ್ತೇನೆ, ನೀನು ಜಾಸ್ತಿ ಮಾತಾಡಬೇಡ. ಆಯಿತಾ?

ಜೂನಿನ ವಿಷಯ ಎದುರುಬದುರು ಸಿಕ್ಕಾಗ ಮಾತಾಡೋಣ.

ನಿನ್ನ
ಮಹೇಶ್ವರಿ


ಮಹಾಕೂಟದ ಹತ್ತಿರ
18 ನವೆಂಬರ್ 2024

ಮಹೇಶ್ವರಿಗೆ,

ಕಾಗದ ತಲುಪಿತು. ಬರಲಿ.

ನೀನು ಹೇಳಿದಂತೆ ಯಾರಿಗೂ ಕಾರಣ ಹೇಳಿಲ್ಲ. ನಿನ್ನ ಕಾಗದದಲ್ಲಿ ಅವ್ವನಿಗೆ ತಿಳಿಯಬೇಕಾದಷ್ಟನ್ನು ಓದಿ ಹೇಳಿದೆ. ಕ್ಲೀನ್ ಇರಲಿ ಎಂದದ್ದನ್ನು ಅವಳು ಎರಡನೇ ಸಲ ಓದಿಸಿದಳು. ನೀನೇನೂ ಚಿಂತೆ ಮಾಡಬೇಡ, ಸ್ವಚ್ಛ ಇರುತ್ತದೆ.

ಯುವರಾಜಣ್ಣ ಫೋನಿನಲ್ಲಿ ನಿನ್ನ ಫೋಟೋ ತೋರಿಸಿದ. ನಿಮ್ಮ ಕಾಲೇಜಿನವರು ಹಾಕಿದ್ದು ಯಾರಿಂದಲೋ ಅವನ ಗ್ರೂಪಿಗೆ ಬಂದಿತ್ತು. ಸೀರೆ ನಿನಗೆ ಒಪ್ಪುತ್ತದೆ. ಫೋಟೋದ ಕೆಳಗೆ ಬರೆದದ್ದನ್ನೂ ಓದಿದೆ.

ಭಾಗ್ಯಜ್ಯೋತಿ


ಬಾಗಲಕೋಟೆ
26 ನವೆಂಬರ್ 2024

ಭಾಗ್ಯಜ್ಯೋತಿ,

ಏನು ಮಾಡಿಬಿಟ್ಟಿರಿ ನೀವು?

ನನಗೆ ಮೊನ್ನೆಯಿಂದ ಅನ್ನ ಸೇರುತ್ತಿಲ್ಲ. ಕಣ್ಣು ಮುಚ್ಚಿದರೆ ಆ ಗೋಡೆಯೇ ಕಾಣುತ್ತದೆ. ಸಂದು ಸಂದು ಬಿಡದೆ ಉಜ್ಜಿದ ಕೆಂಪು ಕಲ್ಲು, ತೊಗಲು ಸುಲಿದ ಹಾಗೆ. ಒಂದು ಹಸಿರು ಎಳೆ ಇಲ್ಲ. ಕೆಳಗೆ ಮುರಿದ ತಂಗಡಿ ಕಡ್ಡಿಗಳು. ನಿಮ್ಮ ಅವ್ವ ಕೈ ಮುಗಿದುಕೊಂಡು, "ನೋಡ್ರಿ ಸಾಹೇಬ್ರ, ಹೆಂಗ ಮಾಡೇವಿ, ಕನ್ನಡಿ ಆಗೇತಿ" ಎಂದು ನಗುತ್ತಿದ್ದರು. ಸರ್ ಮುಖ ನೋಡಬೇಕಿತ್ತು ನೀನು. ಅಲ್ಲ, ನೋಡಿದೆ. ಅಲ್ಲೇ ನಿಂತಿದ್ದೆಯಲ್ಲ.

ಯೂನಿವರ್ಸಿಟಿಯ ಒಬ್ಬರು ನಾಗಲಿಂಗ ಸರ್ ಕಿವಿಯಲ್ಲಿ, ಈ ಹುಡುಗಿ ಎಲ್ಲಿಂದಲೋ ತಂದು ಇಲ್ಲಿ ಸಿಕ್ಕಿತು ಎಂದು ಹೇಳಿರಬೇಕು ಅಂದರು. ನನಗೆ ಕೇಳಿಸಿತು. ಬಾದಾಮಿ ದಾಟಿ ಬಾಗಲಕೋಟೆ ಬರುವವರೆಗೆ ಜೀಪಿನಲ್ಲಿ ಯಾರೂ ನನ್ನ ಜೊತೆ ಮಾತಾಡಲಿಲ್ಲ. ಹಾಸ್ಟೆಲಿನ ಮುಂದೆ ಇಳಿಸಿ ಸರ್, "ಹೋಗಮ್ಮ" ಅಂದರು. ಅಷ್ಟೇ. ಮುಂದಿನ ಬೆಂಚಿನವರು ಮತ್ತೆ ತಮ್ಮ ತಮ್ಮಲ್ಲೇ ಡಬ್ಬಿ ತೆಗೆಯುತ್ತಾರೆ.

ನಿಮ್ಮ ಅವ್ವನಿಗೆ ಗೊತ್ತಿರಲಿಲ್ಲ, ಒಪ್ಪುತ್ತೇನೆ. ನಿನಗೆ ಗೊತ್ತಿತ್ತು. ಅಂಗಳ ಗುಡಿಸಿ ಅಂದರೆ ಗೋಡೆ ಕೆರೆಯುವುದೇ? ನೀನು ಎಲ್ಲಿದ್ದೆ? ಒಂದು ಮಾತು ಹೇಳಲು ನಿನಗೆ ಏನಾಗಿತ್ತು?

ಮಹೇಶ್ವರಿ


ಮಹಾಕೂಟದ ಹತ್ತಿರ
8 ಡಿಸೆಂಬರ್ 2024

ಮಹೇಶ್ವರಿಗೆ,

ನಾನು ಎಲ್ಲಿದ್ದೆ ಎಂದು ಕೇಳಿದ್ದೀಯ. ಅಲ್ಲೇ ಇದ್ದೆ. ಕೊಡ ಹಿಡಿದು ನೀರು ಹೊಯ್ಯುತ್ತಿದ್ದೆ.

ಮೊದಲಿಂದ ಹೇಳುತ್ತೇನೆ. ನಮ್ಮ ಕೇರಿಗೆ ಸಾಹೇಬರು ಎಂದು ಬರುವವರು ಎರಡೇ ಥರ. ಓಟು ಕೇಳುವವರು ಗುಡಿಯ ಹತ್ತಿರವೇ ನಿಂತು ಹೋಗುತ್ತಾರೆ. ಮತ್ತೊಂದು ಥರದವರು ಮೂಗು ಮುಚ್ಚಿಕೊಂಡು ಬರುತ್ತಾರೆ. ನಮ್ಮ ಅವ್ವ ಮರೆವ್ವ ಹುಟ್ಟಿದಾಗಿನಿಂದ ಕೇಳಿರುವ ಮಾತು ಒಂದೇ, ನಿಮ್ಮ ಕೇರಿ ಹೊಲಸು ಎಂದು. ಅಂಥವಳಿಗೆ ಮಗಳ ಗೆಳತಿ ಕಾಗದ ಬರೆದು ಸ್ವಚ್ಛ ಇರಲಿ ಎಂದಿದ್ದಾಳೆ. ಅವಳು ಸುಮ್ಮನಿರುತ್ತಾಳೆಯೇ? ಕೇರಿಯ ಹೆಂಗಸರನ್ನೆಲ್ಲ ಕೂಡಿಸಿದಳು. ಅಂಗಳ ಸಾರಿಸಿದರು, ಚರಂಡಿ ಬಳಿದರು, ಗುಡಿ ತೊಳೆದರು. ಕಡೆಗೆ ತಂಗಡಿ ಕಡ್ಡಿಯ ಹೊಸ ಕಸಬರಿಗೆ ಕಟ್ಟಿಕೊಂಡು ಸೆಲೆಗೆ ಹತ್ತಿದರು. "ಸಾಹೇಬ್ರು ನೋಡಾಕ ಬರೂದ ಸೆಲಿನ. ಹಾವಸಿ ಹಿಡದ ಗ್ವಾಡಿ ತೋರಿಸಿದ್ರ ಮಹೇಶ್ವರಿ ಮಾರಿ ಎಲ್ಲಿ ಇಡ್ತಾಳ?" ಅಂದಳು ಅವ್ವ. ನಿನ್ನ ಮಾರಿಯ ಚಿಂತೆ ಅವಳಿಗೆ.

ನನಗೆ ಗೊತ್ತಿತ್ತು, ನಿಜ. ಅವ್ವ ಕಸಬರಿಗೆ ಎತ್ತಿದಾಗ ನಾನು ಬಾಯಿ ತೆರೆದೆ. ಆಗ ಫೋಟೋದ ಕೆಳಗಿನ ಅಕ್ಷರ ಕಣ್ಣಿಗೆ ಬಂತು. "ಅಪರೂಪದ ಹಾವಸೆಯನ್ನು ಪತ್ತೆ ಮಾಡಿದ ಪ್ರಥಮ ವರ್ಷದ ವಿದ್ಯಾರ್ಥಿನಿ ಮಹೇಶ್ವರಿ." ಅದನ್ನು ನೋಡುವ ತನಕ ನಾನು ನಂಬಿದ್ದೆ. ಸರ್ ಕೇಳಿದಾಗ ನೀನು ಎದ್ದು ನಿಂತು ಇಂಗ್ಲಿಷಿನಲ್ಲಿ, ತಡವರಿಸದೆ, ನನ್ನ ಹೆಸರು ಹೇಳಿದೆ ಎಂದು ನಂಬಿದ್ದೆ. ನೀನು ಹೇಳಿದ್ದು ಐ ಸರ್ ಎಂದು. ಅದನ್ನು ಹೇಳಲು ತಡವರಿಸುವುದಕ್ಕೆ ಏನಿದೆ?

ಬಾಯಿ ಮುಚ್ಚಿದೆ. ನೀರು ಹೊಯ್ದೆ. ಅವ್ವ ಉಜ್ಜಿದಳು. ಹಾವಸೆ ಮುದ್ದೆಯಾಗಿ ನನ್ನ ಕಾಲಿನ ಮೇಲೆ ಹರಿದು ಹೋಯಿತು. ಒಂದು ಹಾಳೆಯ ಮೇಲೆ ನನ್ನ ಹೆಸರಿದ್ದಿದ್ದರೆ ಆ ಕೈ ಹಿಡಿದು ನಿಲ್ಲಿಸುತ್ತಿದ್ದೆ.

ಇನ್ನೂ ಇದೆ. ಅವತ್ತು ನಾನು ಚಹಾದ ತಾಟು ಹಿಡಿದು ನಿಂತಿದ್ದೆ. ಗುಡ್ಡದ ಕೆಳಗಿನ ಅಮಸಿದ್ದಪ್ಪನ ಮನೆಯಿಂದ ಹಾಲು ತಂದು, ಹೊಸ ಕಪ್ಪು ತೊಳೆದು ಅವ್ವ ಮಾಡಿಕೊಟ್ಟ ಚಹಾ. ಸಾಹೇಬರು ಈಗಷ್ಟೇ ಆಯಿತು ಅಂದರು. ಇರಲಿ, ಅವರು ಹಾಗೆ ಅನ್ನುವುದು ನಮಗೆ ಹೊಸದಲ್ಲ. ನಿನ್ನ ಹತ್ತಿರ ಬಂದೆ. ನೀನು ಸರ್ ಕಡೆ ಒಮ್ಮೆ ನೋಡಿದೆ. ಆಮೇಲೆ ನನಗೆ, "ಬ್ಯಾಡ ಬಿಡ, ಅಸಿಡಿಟಿ ಆಗೇತಿ" ಅಂದೆ. ಹುನಗುಂದದಲ್ಲಿ ನನ್ನ ತಟ್ಟೆಯ ಅರ್ಧ ರೊಟ್ಟಿ ಕಸಿದು ತಿನ್ನುತ್ತಿದ್ದವಳು ನೀನು.

ಸರ್ ಗೋಡೆ ನೋಡಿ ತಲೆ ಹಿಡಿದುಕೊಂಡಾಗ ನೀನು ಅವರಿಗೆ ಹೇಳಿದೆ: "ಸಾರಿ ಸರ್, ದೇ ಆರ್ ನಾಟ್ ಎಜುಕೇಟೆಡ್." ನಾನು ತಾಟು ಹಿಡಿದು ನಿನ್ನ ಬೆನ್ನ ಹಿಂದೆಯೇ ಇದ್ದೆ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಪೇಪರಿಗೆ ನಿನ್ನನ್ನು ಕೂರಿಸಿ ಓದಿಸಿದವಳು ಯಾರು, ಮಹೇಶ್ವರಿ? ಆ ವಾಕ್ಯದಲ್ಲಿ ಒಂದು ತಪ್ಪೂ ಇರಲಿಲ್ಲ. ಚೆನ್ನಾಗಿ ಕಲಿಸಿದ್ದೆ.

ಜೀಪು ಹೋದ ಮೇಲೆ ಅವ್ವ ಕೇಳಿದಳು, "ಸಾಹೇಬ್ರು ಯಾಕ ಮಾರಿ ಸಣ್ಣ ಮಾಡ್ಕೊಂಡ ಹ್ವಾದ್ರ?" ನಾನು ಗೊತ್ತಿಲ್ಲ ಅಂದೆ. ಇನ್ನೂ ಸ್ವಚ್ಛ ಆಗಿರಲಿಲ್ಲವೇನೋ ಎಂದುಕೊಂಡು ಮರುದಿನ ಮತ್ತೆ ಹತ್ತಿದಳು. ಮತ್ತೊಮ್ಮೆ ಉಜ್ಜಿದಳು. ಈ ಸಲ ಸುಣ್ಣವನ್ನೂ ಬಳಿದಳು. ಮುಂದಿನ ಸಲ ನಿಮ್ಮ ಸಾಹೇಬರು ಬಂದರೆ ಅವರಿಗೆ ಬೇಜಾರಾಗಬಾರದಲ್ಲ.

ಅಪ್ಪ ಇನ್ನೂ ಜೂನಿನ ಮಾತಾಡುತ್ತಾನೆ. ಅವನಿಗೂ ಏನೂ ಹೇಳಿಲ್ಲ.

ಭಾಗ್ಯಜ್ಯೋತಿ


ಬಾಗಲಕೋಟೆ
12 ಜನವರಿ 2025, ರವಿವಾರ

ಭಾಗ್ಯಾ,

ಎಷ್ಟು ಕಾಗದ ಬರೆದು ಹರಿದೆನೋ. ಸುಗರಾ ನೋಡಿ, "ತಪ್ಪ ಮಾಡೀನಿ ಅಂತ ಒಂದ ಸಾಲ ಬರಿಯಾಕ ಇಷ್ಟ ಹಾಳಿ ಬೇಕೇನ?" ಅಂದಳು. ನಿನ್ನ ಕಾಗದವನ್ನು ಅವಳಿಗೆ ತೋರಿಸಿದೆ. ಓದಿ ಮಡಿಸಿ ಕೊಟ್ಟಳು. ಅವತ್ತಿನಿಂದ ನನ್ನನ್ನು ಯಸ್ ಸರ್ ಎಂದು ಅಣಕಿಸುವುದನ್ನೂ ಬಿಟ್ಟಿದ್ದಾಳೆ.

ತಪ್ಪಾಯಿತು. ಅವತ್ತು ಎಲ್ಲರೂ ನನ್ನ ಕಡೆ ತಿರುಗಿದರು. ನಿನ್ನ ಹೆಸರು ನಾಲಿಗೆಯ ಮೇಲೇ ಇತ್ತು. ಹೇಳಿದರೆ, ಬಾಕಿ ಹಾಳೆಗಳ ಗಿಡ ತಂದವಳೂ ಅವಳೇನಾ ಎಂದು ಸರ್ ಕೇಳುತ್ತಾರೆ ಅನ್ನಿಸಿತು. ಮತ್ತೆ ಕ್ಲಾಸು ನಗುತ್ತದೆ ಅನ್ನಿಸಿತು. ಆಮೇಲೆ ಹೇಳೋಣ ಎಂದುಕೊಂಡೆ. ದಿನ ಹೋದಂತೆ ಹೇಳುವುದು ಕಷ್ಟವಾಯಿತು. ಚಹಾದ ಬಗ್ಗೆ ನನಗೆ ಏನೂ ಬರೆಯಲು ಬರುತ್ತಿಲ್ಲ.

ಹಾವಸೆ ಪೂರ್ತಿ ಹೋಗಿಲ್ಲ. ನೀನು ಕಳಿಸಿದ ಚಿಟಿಕೆ ಡಿಪಾರ್ಟ್‌ಮೆಂಟಿನ ಕಪಾಟಿನಲ್ಲಿದೆ. ಮೊನ್ನೆ ಯಾರೂ ಇಲ್ಲದಾಗ ತೆಗೆದು ಎರಡು ಹನಿ ನೀರು ಹಾಕಿದೆ. ನೀನು ಬರೆದಿದ್ದ ಹಾಗೆಯೇ ಅರಳಿತು. ಅದು ಅರಳುವುದನ್ನು ನಾನು ಮೊದಲ ಸಲ ನೋಡಿದ್ದು ಅವತ್ತೇ. ಅದರ ಮೇಲೆ ಅಷ್ಟೆಲ್ಲ ಮಾತಾಡಿದ್ದೆ, ನೀರು ಹಾಕಿ ನೋಡಿರಲಿಲ್ಲ. ಅಳು ಬಂತು.

ಚೀಟಿಯಲ್ಲಿ ನನ್ನ ಹೆಸರಿನ ಪಕ್ಕ ನಿನ್ನ ಹೆಸರನ್ನೂ ಬರೆದಿದ್ದೇನೆ. ಸದ್ಯಕ್ಕೆ ಪೆನ್ಸಿಲಿನಲ್ಲಿ, ಸಣ್ಣದಾಗಿ. ಸರ್ ಈಗ ನನ್ನ ಮೇಲೆ ಸಿಟ್ಟಾಗಿದ್ದಾರೆ. ಈಗ ಹೋಗಿ ಇದು ನನ್ನದಲ್ಲ ಎಂದರೆ ಪೂರ್ತಿ ಸುಳ್ಳುಗಾತಿ ಎಂದುಕೊಳ್ಳುತ್ತಾರೆ. ಪರೀಕ್ಷೆ ಮುಗಿಯಲಿ, ಖಂಡಿತ ಹೇಳುತ್ತೇನೆ. ಆಮೇಲೆ ಪೆನ್ನಿನಲ್ಲಿ ತಿದ್ದುತ್ತೇನೆ. ಜೂನಿನಲ್ಲಿ ನೀನು ಬಾ. ಕಾಕಾನನ್ನೂ ಕರೆದುಕೊಂಡು ಬಾ.

ಕೇಳಲು ನಾಚಿಕೆಯಾಗುತ್ತದೆ, ಆದರೂ ಕೇಳುತ್ತಿದ್ದೇನೆ. ನನ್ನ ತಂಗಡಿಯ ಹಾಳೆಗೆ ಹುಳ ಬಿದ್ದು ಹೂವೆಲ್ಲ ಉದುರಿಹೋಗಿದೆ. ಮುಂದಿನ ತಿಂಗಳು ಫೈನಲ್ ಸಬ್‌ಮಿಷನ್. ಹಾಸ್ಟೆಲಿನ ಹತ್ತಿರ ಹುಡುಕಿದೆ, ಎಲ್ಲೆಡೆ ಸಿಗುತ್ತದೆ ಎಂದು ಸೆಮಿನಾರಿನಲ್ಲಿ ಹೇಳಿದ್ದೆನಲ್ಲ, ನನಗೆ ಒಂದೂ ಕಾಣಲಿಲ್ಲ. ಒಂದು ಟೊಂಗೆ ಕಳಿಸುತ್ತೀಯಾ?

ನಿನ್ನ
ಮಹೇಶಿ


ಮಹಾಕೂಟದ ಹತ್ತಿರ
30 ಜನವರಿ 2025

ಕುಮಾರಿ ಮಹೇಶ್ವರಿ ಅವರಿಗೆ,

ತಂಗಡಿ ಕಳಿಸಿದ್ದೇನೆ. ಹೂವು, ಕಾಯಿ ಎರಡೂ ಇರುವ ಟೊಂಗೆ. ಸರಿಯಾಗಿ ಒಣಗಿಸಿ, ಹಾಳೆಗೆ ಅಂಟಿಸಿಯೇ ಕಳಿಸಿದ್ದೇನೆ. ನಿಮಗೆ ಕೆಲಸ ಉಳಿಯಿತು.

ಜೂನಿನಲ್ಲಿ ನಾನು ಅಲ್ಲಿಗೆ ಬರುವುದಿಲ್ಲ. ಅಪ್ಪನಿಗೆ ಎಲ್ಲ ಹೇಳಿದೆ. ಅವನು ಕೋಲು ಹಿಡಿದು ಅಷ್ಟು ದೂರ ಬಂದು ಕೈ ಮುಗಿದರೆ ಆ ಸರ್‌ಗೆ ನೆನಪಾಗುವುದು ಚಹಾ ತಂದ ಹುಡುಗಿ, ಗೋಡೆ ಕೆರೆದ ಕೇರಿ. ಪೆನ್ಸಿಲಿನ ಹೆಸರನ್ನು ಅಳಿಸಿಬಿಡಿ. ಅದು ಅಲ್ಲಿದ್ದರೆ ನಿಮಗೆ ಭಯ, ನನಗೆ ಅವಮಾನ.

ತಂಗಡಿಯ ಚೀಟಿಯನ್ನು ನಾನೇ ತುಂಬಿದ್ದೇನೆ, ಪೆನ್ನಿನಲ್ಲಿ. ತಿದ್ದಲು ಹೋದರೆ ಹಾಳೆ ಹರಿಯುತ್ತದೆ. ಹಾಗೇ ಕೊಡಿ, ಇಲ್ಲವೇ ಕೊಡಬೇಡಿ.

ಸ್ಥಳೀಯ ಹೆಸರು: ತಂಗಡಿ
ಸಿಕ್ಕ ಜಾಗ: ನಮ್ಮ ಕೇರಿಯ ಹಿಂದೆ, ಸುಣ್ಣ ಬಳಿದ ಸೆಲೆಯ ಎದುರಿಗೆ
ಲಭ್ಯತೆ: ಸಾಮಾನ್ಯ
ಸಂಗ್ರಹಿಸಿದವರು: ಭಾಗ್ಯಜ್ಯೋತಿ ದುರಗಪ್ಪ
ಉಪಯೋಗ: ದೊಡ್ಡವರು ಬರುವ ಮುಂಚೆ ಗೋಡೆ ಉಜ್ಜಲು